ಮೊಳೆ ಚುಚ್ಚಿದ ಗಾಯ: ಕೇರಳದಲ್ಲಿ ಚಿಕಿತ್ಸೆ ಮತ್ತು ತಡೆಯ ಇತಿಹಾಸ

ಅಂಗಾಲಿಗೆ ಹೊಕ್ಕ ಮೊಳೆ ಮಾಡುವ ಗಾಯದ ಬಾಯಿ ಕಿರಿದು, ಆಳ ಹೆಚ್ಚು. ರಕ್ತ ಅಷ್ಟಾಗಿ ಹರಿಯದೆ ಬಾಯಿ ಬೇಗ ಕೂಡಿಕೊಳ್ಳುತ್ತದೆ. ಒಳಗುಳಿದ ಮಣ್ಣಿನಲ್ಲಿ ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಟೆಟನಿ ಬೀಜಾಣುಗಳಿದ್ದರೆ ಗಾಳಿಯಾಡದ ಆ ಜಾಗ ಅವಕ್ಕೆ ಹೇಳಿ ಮಾಡಿಸಿದಂಥದು. ತುಕ್ಕೇ ಧನುರ್ವಾಯು ತರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಮಣ್ಣು, ಸಗಣಿ ಮೆತ್ತಿದ ಹೊಸ ಮೊಳೆಯೂ ಅಷ್ಟೇ ಅಪಾಯಕಾರಿ.

ಕೇರಳದ ಅಷ್ಟವೈದ್ಯರೆಂಬ ಆಯುರ್ವೇದ ಮನೆತನಗಳು ನೆಚ್ಚಿದ ಗ್ರಂಥ ವಾಗ್ಭಟನ ‘ಅಷ್ಟಾಂಗಹೃದಯ’. ಮೈ ಬಿಲ್ಲಿನಂತೆ ಬಾಗುವ ರೋಗಗಳ ಸಾಲಿನಲ್ಲಿ ಅದು ಗಾಯದಿಂದ ಹುಟ್ಟುವ ವ್ರಣಾಯಾಮವನ್ನೂ ಹೇಳುತ್ತದೆ. ಕಾರಣವನ್ನು ವಾತಕ್ಕೆ ಕಟ್ಟಿದರೂ ಗಾಯಕ್ಕೂ ಸೆಟೆತಕ್ಕೂ ಇರುವ ನಂಟನ್ನು ಹಳಬರು ಸರಿಯಾಗಿಯೇ ಗುರುತಿಸಿದ್ದರು.

ಎರ್ನಾಕುಲಂನಲ್ಲಿ 1845ರಲ್ಲಿ, ತಿರುವನಂತಪುರದಲ್ಲಿ 1865ರಲ್ಲಿ ಸರ್ಕಾರಿ ಆಸ್ಪತ್ರೆಗಳು ತೆರೆದವು. ಆದರೆ ಧನುರ್ವಾಯುವಿಗೆ ನಿರ್ದಿಷ್ಟ ಮದ್ದು ಆಗ ಜಗತ್ತಿನಲ್ಲೇ ಇರಲಿಲ್ಲ. ರೋಗದ ಬೇರು ಮಣ್ಣಿನಲ್ಲಿದೆಯೆಂದು ಜರ್ಮನಿಯ ವೈದ್ಯ ನಿಕೊಲಾಯರ್ 1884ರಲ್ಲಿ ತೋರಿಸಿದ. 1889ರಲ್ಲಿ ಜಪಾನಿನ ವಿಜ್ಞಾನಿ ಕಿಟಾಸಾಟೊ ಸೂಕ್ಷ್ಮಾಣುವನ್ನು ಬೇರ್ಪಡಿಸಿದ. ಮರುವರ್ಷ ಅವನೂ ಸಹೋದ್ಯೋಗಿ ಬೆಹ್ರಿಂಗ್‌ನೂ ಪ್ರತಿವಿಷದ ದಾರಿ ತೆರೆದರು. ಕುದುರೆಯ ರಕ್ತದಿಂದ ತೆಗೆದ ಆ ಸೀರಂ ಕೆಲವು ವಾರ ಮಾತ್ರ ಕಾಯುತ್ತಿತ್ತು, ಒಮ್ಮೊಮ್ಮೆ ಜೀವಕ್ಕೇ ಎರವಾಗುವಷ್ಟು ಅಲರ್ಜಿಯನ್ನೂ ತರುತ್ತಿತ್ತು. ಹಾಗಾಗಿ ಮೊದಲು ಚರ್ಮದ ಮೇಲೆ ಪರೀಕ್ಷಿಸುವ ರೂಢಿ ಬಂತು. ಚಿತ್ರ ನಿಜವಾಗಿ ಬದಲಾದದ್ದು 1920ರ ದಶಕದಲ್ಲಿ, ನಿಷ್ಕ್ರಿಯಗೊಳಿಸಿದ ವಿಷದಿಂದ ಮಾಡಿದ ಟಾಕ್ಸಾಯ್ಡ್ ಲಸಿಕೆ ಬಂದ ಮೇಲೆ.

ಲಸಿಕೆಗೆ ಕೇರಳದ ತಿರುವಾಂಕೂರು ಸಂಸ್ಥಾನದ ನೆಲ ಹೊಸದೇನಲ್ಲ. ಸಿಡುಬಿನ ವಿರುದ್ಧ ಅಲ್ಲಿ 1813ರಲ್ಲೇ ಸರ್ಕಾರಿ ವಿಭಾಗ ಆರಂಭವಾಗಿತ್ತು. 1879ರಲ್ಲಿ ಸರ್ಕಾರಿ ನೌಕರರಿಗೆ, ವಿದ್ಯಾರ್ಥಿಗಳಿಗೆ, ಕೈದಿಗಳಿಗೆ ಲಸಿಕೆ ಕಡ್ಡಾಯವಾಯಿತು. ಸ್ವಾತಂತ್ರ್ಯಾನಂತರ, 1978ರ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಮತ್ತು 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಮೂಲಕ ಧನುರ್ವಾಯು ಲಸಿಕೆ ಮಕ್ಕಳಿಗೂ ಗರ್ಭಿಣಿಯರಿಗೂ ವ್ಯಾಪಕವಾಗಿ ತಲುಪಿತು. ಧನುರ್ವಾಯು ಸೇರಿ ಐದು ರೋಗಗಳನ್ನು ತಡೆಯುವ ಪಂಚಲಸಿಕೆಯನ್ನು ದೇಶದಲ್ಲಿ ಮೊದಲು ಕಾರ್ಯಕ್ರಮಕ್ಕೆ ತಂದದ್ದು ಕೇರಳ ಮತ್ತು ತಮಿಳುನಾಡು, ಡಿಸೆಂಬರ್ 2011ರಲ್ಲಿ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆಯೆಂದು 2015ರಲ್ಲಿ ಘೋಷಿಸಲಾಯಿತು. ಇದು ಬಾಣಂತಿ ಮತ್ತು ಹಸುಗೂಸುಗಳ ಲೆಕ್ಕ. ಬೀಜಾಣು ಮಣ್ಣಿನಲ್ಲಿ ಹಾಗೆಯೇ ಇದೆ, ಮೊಳೆ ತುಳಿಯುವ ವಯಸ್ಕನಿಗೆ ಆ ಘೋಷಣೆಯಿಂದ ರಕ್ಷಣೆ ಸಿಗದು.

ಆಗಸ್ಟ್ 2018ರ ಪ್ರವಾಹದ ಬಳಿಕ ಕೊಚ್ಚಿಯ ಆಸುಪಾಸು, ಆಲುವಾ ಮತ್ತು ಪರವೂರು ಕಡೆ ಕೆಸರು ತುಂಬಿದ ಮನೆಗಳನ್ನು ತೊಳೆಯಬೇಕಾಯಿತು. ಕೆಸರಿನಡಿ ಮೊಳೆ, ಗಾಜು, ಮುರಿದ ಹಲಗೆ ಯಾವುದೂ ಕಾಣುವುದಿಲ್ಲ. ಇಂಥ ಗಾಯ ಇಲಿಜ್ವರಕ್ಕೂ ಬಾಗಿಲು. ಅದನ್ನು ತಡೆಯಲು ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಹಂಚಿತು. ಬರಿಗಾಲಲ್ಲಿ ವ್ರತ ಹಿಡಿದು ಶಬರಿಮಲೆಗೆ ಹೋಗುವ ಕನ್ನಡಿಗರಿಗೂ ಮೊಳೆ ಚುಚ್ಚುವ ಅಪಾಯ ಇದ್ದದ್ದೇ. ಮಧುಮೇಹಿಗಳ ಕಷ್ಟವೇ ಬೇರೆ: ಪಾದದ ಸ್ಪರ್ಶ ಕುಂದಿದವರಿಗೆ ಮೊಳೆ ಹೊಕ್ಕದ್ದೇ ತಿಳಿಯದು, ಸೋಂಕು ಮೂಳೆಗಿಳಿದ ಮೇಲೆ ಗೊತ್ತಾಗುತ್ತದೆ. ಚಪ್ಪಲಿ ಹಾಕಿದವರೂ ಪೂರ್ತಿ ಸುರಕ್ಷಿತರಲ್ಲ. ರಬ್ಬರ್ ಅಟ್ಟೆಯನ್ನು ತೂರಿ ಬಂದ ಮೊಳೆ ಸ್ಯೂಡೊಮೊನಾಸ್ ಸೂಕ್ಷ್ಮಾಣುವನ್ನು ಒಳಗೆ ಒಯ್ಯಬಹುದು.

ಮೊಳೆ ಚುಚ್ಚಿದರೆ ಸಾಬೂನು, ಹರಿಯುವ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಸುಣ್ಣ, ಸಗಣಿ, ಕಾದ ಎಣ್ಣೆ ಬೇಡ. ಆಳಕ್ಕೆ ನೆಟ್ಟ ಮೊಳೆಯನ್ನು ಮನೆಯಲ್ಲೇ ಕೀಳದೆ ಆಸ್ಪತ್ರೆಗೆ ಹೋಗಬೇಕು. ಲಸಿಕೆಯ ಸರಣಿ ಮುಗಿಸಿದವರು ಕೊನೆಯ ಡೋಸ್ ಪಡೆದು 5 ವರ್ಷ ಕಳೆದಿದ್ದರೆ ಕೊಳಕು ಗಾಯಕ್ಕೆ ಇನ್ನೊಂದು ಡೋಸ್ ಬೇಕು. ಲಸಿಕೆಯನ್ನೇ ಪಡೆಯದವರಿಗೆ ಲಸಿಕೆಯ ಜೊತೆಗೆ ಸಿದ್ಧ ಪ್ರತಿಕಾಯಗಳಾದ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೊಡುತ್ತಾರೆ.