ಮಾಳಿಗೆಯ ಮೇಲಿನ ಮಣ್ಣು

ಮಿರಗದ ಮಳೆ ಬೀಳುವುದಕ್ಕೆ ಹದಿನೈದು ದಿನ ಮೊದಲು ಕಡಗಂಚಿಯ ಸುತ್ತಲ ಹಳ್ಳಿಗಳಲ್ಲಿ, ಒಟ್ಟಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲೆಲ್ಲ, ಒಂದು ಕೆಲಸ ತಪ್ಪುತ್ತಿರಲಿಲ್ಲ. ಹೊಲ ಹಸನು ಮಾಡಿ ಮುಗಿದಿರುತ್ತಿತ್ತು. ಬಿತ್ತನೆಗೆ ಇನ್ನೂ ಸಮಯವಿರುತ್ತಿತ್ತು. ಆ ನಡುವಿನ ಬಿಡುವಿನಲ್ಲಿ ಗಂಡಸರು ಬಂಡಿ ಹೂಡಿ ಮಣ್ಣು ತರುವರು, ಹೆಂಗಸರು ಬುಟ್ಟಿ ತುಂಬಿ ಕೊಡುವರು, ಹುಡುಗರು ನಿಚ್ಚಣಿಕೆಯ ಮೇಲೆ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವರು. ಮಾಳಿಗೆಯ ಮೇಲೆ ಮಣ್ಣು ಹರಡಿ, ನೀರು ಚಿಮುಕಿಸಿ, ಬಡಿದು ಸಮ ಮಾಡಿದರೆ ಆ ವರ್ಷದ ಮಳೆಗಾಲಕ್ಕೆ ಮನೆ ಸಿದ್ಧ. ಗೌಂಡಿಯನ್ನು ಕರೆಯುವ ಮಾತಿಲ್ಲ, ಬಡಿಗನನ್ನು ಕಾಯುವ ಮಾತಿಲ್ಲ. ಮನೆಯನ್ನು ತಾವೇ ದುರಸ್ತಿ ಮಾಡಿಕೊಳ್ಳುವುದು ಪಟ್ಟಣದವರು ಇತ್ತೀಚೆಗೆ ಹಚ್ಚಿಕೊಂಡ ಹವ್ಯಾಸವೆಂದು ತಿಳಿಯುವವರು ಈ ಮಾಳಿಗೆಗಳನ್ನು ಮರೆತಿರಬೇಕು.

ಈ ಮನೆಗಳ ರಚನೆಯನ್ನು ಸ್ವಲ್ಪ ನೋಡಬೇಕು. ಆಳಂದದ ಕಡೆ ಸಿಗುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ದಕ್ಷಿಣಕ್ಕೆ, ಶಹಾಬಾದ, ಚಿತ್ತಾಪುರ, ಸೇಡಂ ಕಡೆ ಹೋದರೆ ಪದರು ಪದರಾಗಿ ಏಳುವ ಸುಣ್ಣಕಲ್ಲು. ಅದೇ ಹೆಸರಾದ ಶಹಾಬಾದ ಫರಸಿ. 1871ರಲ್ಲಿ ಮುಂಬಯಿಯ ರೈಲು ಈ ದಾರಿಯಾಗಿ ರಾಯಚೂರನ್ನು ಮುಟ್ಟಿದ ಮೇಲೆ ಫರಸಿಗೆ ದೂರದ ಊರುಗಳ ದಾರಿಯೂ ತೆರೆಯಿತು. ಯಾವ ಕಲ್ಲಾದರೂ ಗೋಡೆ ಕಟ್ಟುವ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ. ಹೊರಗೊಂದು ಮುಖ, ಒಳಗೊಂದು ಮುಖ, ನಡುವೆ ಚೂರುಗಲ್ಲು ಮತ್ತು ಕೆಸರು. ದಪ್ಪ ಎರಡು ಅಡಿ, ಕೆಲವು ವಾಡೆಗಳಲ್ಲಿ ಮೂರು ಅಡಿ ಮೀರಿ. ಒಳಗೆ ಕಟ್ಟಿಗೆಯ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಫರಸಿ, ಅದರ ಮೇಲೆ ಸೊಪ್ಪು ಸದೆ, ಎಲ್ಲಕ್ಕೂ ಮೇಲೆ ಮಣ್ಣು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಾಡಿನಲ್ಲಿ ಈ ಮಣ್ಣಿನ ಹೊದಿಕೆಯ ಕೆಳಗೆ ಮಧ್ಯಾಹ್ನ ಮಲಗಿದವರಿಗೆ ಅದರ ಬೆಲೆ ತಿಳಿದಿತ್ತು. ಸಿಮೆಂಟಿನ ಮನೆಗೆ ಹೋದ ಮುದುಕರು ಹಳೆಯ ಮನೆಯ ತಂಪನ್ನು ನೆನೆಯುವುದು ಬರಿಯ ಹಳೆಯದರ ಮೋಹದಿಂದಲ್ಲ.

ಮಾಳಿಗೆಗೆ ಯಾವ ಮಣ್ಣು ಎಂಬುದು ಸಣ್ಣ ವಿಷಯವಾಗಿರಲಿಲ್ಲ. ಹೊಲದ ಎರೆಮಣ್ಣು ಇದಕ್ಕೆ ಬಾರದು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಬೇಕಾದದ್ದು ಬೆಳೆ ಬಾರದ ಸವಳು ಮಣ್ಣು, ಇಲ್ಲವೆ ಹಾಳೂರಿನ ದಿಬ್ಬದ ಬಿಳಿಮಣ್ಣು. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಮಳೆಯ ಸಿಹಿನೀರು ಬಿದ್ದೊಡನೆ ಅದರ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಬೇರೆಯಾಗಿ, ಕೆಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕುಳಿತು ಅವನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ರೈತನನ್ನು ಕಾಡುವ ಗುಣವೇ ಮಾಳಿಗೆಯ ಮೇಲೆ ಅವನನ್ನು ಕಾಯುತ್ತದೆ. ರಸಾಯನಶಾಸ್ತ್ರ ಇದನ್ನು ವಿವರಿಸುವ ಎಷ್ಟೋ ಮೊದಲೇ ಹಳ್ಳಿಯವರು ಇದನ್ನು ಬಳಸುತ್ತಿದ್ದರು. ಇನ್ನು ಹಾಳೂರ ಮಣ್ಣಿನದೇ ಬೇರೆ ಕತೆ. ಗಡಿಯಾಚೆಯ ಮರಾಠಿ ಸೀಮೆಯಲ್ಲಿ ಉಳುವ ನೆಲಕ್ಕೆ ‘ಕಾಳಿ’, ಊರಿರುವ ನೆಲಕ್ಕೆ ‘ಪಾಂಢರಿ’, ಅಂದರೆ ಬಿಳಿಯದು, ಎಂದೇ ಹೆಸರು. ತಲೆತಲಾಂತರದ ಗೋಡೆ, ಬೂದಿ, ಗೊಬ್ಬರ ಎಲ್ಲ ಕರಗಿ ಆದ ಮಣ್ಣು ಅದು. ದಖ್ಖನ್ನಿನ ಎಷ್ಟೋ ಪ್ರಾಚೀನ ದಿಬ್ಬಗಳು ಹೀಗೆ ಊರವರ ಗುದ್ದಲಿಗೆ ಸಿಕ್ಕಿದ್ದನ್ನು ಪುರಾತತ್ವ ತಜ್ಞರು ಬೇಸರದಿಂದಲೇ ದಾಖಲಿಸಿದ್ದಾರೆ. ಇತಿಹಾಸ ಸೂರಿನ ಮೇಲೆ ಹರಡಿತು ಎನ್ನಬೇಕು.

ಹೊಸ ಮಣ್ಣು ಬಿತ್ತು, ಸರಿ. ಹಳೆಯದು ಏನಾಯಿತು? ಕ್ರಮದ ಕೆಲಸವೆಂದರೆ ಮಳೆ ಕೊಚ್ಚಿ ಉಳಿಸಿದ್ದನ್ನು ಹುಲ್ಲು ಬೇರಿನ ಸಮೇತ ಕೆರೆದು ಕೆಳಗಿಳಿಸಿ, ಆಮೇಲೆ ಅಷ್ಟೇ ದಪ್ಪ ಹೊಸದನ್ನು ಹಾಕುವುದು. ಆದರೆ ಅದು ಎರಡು ಪಟ್ಟು ದುಡಿಮೆ. ಆಕಾಶದಲ್ಲಿ ಮೋಡ ಕಾಣಿಸಿದೆ, ಒಲೆಯ ಮೇಲೆ ಹನಿ ಬೀಳುತ್ತಿದೆ. ಸೋರುವ ಕಡೆ ನಾಲ್ಕು ಬುಟ್ಟಿ ಹೆಚ್ಚಾಗಿ ಸುರಿದರೆ ಸದ್ಯಕ್ಕೆ ನೆಮ್ಮದಿ. ವರ್ಷ ವರ್ಷ ಹೀಗೆ ಸುರಿದದ್ದು ಅರ್ಧ ಅಡಿಯಿಂದ ಒಂದು ಅಡಿಯಾಯಿತು, ಅಜ್ಜನಿಂದ ಮೊಮ್ಮಗನ ಕಾಲಕ್ಕೆ ಎರಡು ಅಡಿಯಾಯಿತು. ಕೆಳಗೆ ಕುಳಿತವರಿಗೆ ಇದು ಕಾಣುವುದಿಲ್ಲ. ಜಂತಿ ನಡುವಿನಲ್ಲಿ ಸ್ವಲ್ಪ ಬಾಗಿದ್ದು ಕಂಡರೂ ಅದು ಮೊದಲಿನಿಂದ ಹಾಗೆಯೇ ಇತ್ತೆಂದು ಎಲ್ಲರಿಗೂ ಅನ್ನಿಸುತ್ತದೆ.

ಸುಮ್ಮನೆ ಲೆಕ್ಕ ಹಾಕಬಹುದು. ಬಡಿದು ಗಟ್ಟಿಯಾದ ಮಣ್ಣು ಒಂದು ಘನ ಅಡಿಗೆ ಹೆಚ್ಚುಕಡಿಮೆ 50 ಕಿಲೋ ತೂಗುತ್ತದೆ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಒಂದು ಕೋಣೆಯ ಮೇಲೆ ಒಂದು ಅಡಿ ಮಣ್ಣೆಂದರೆ 7,500 ಕಿಲೋ, ಏಳೂವರೆ ಟನ್ನು. ಎರಡು ಅಡಿಗೆ ಹದಿನೈದು ಟನ್ನು. ಸರಕು ತುಂಬಿದ ಒಂದು ಲಾರಿಯನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಅದರ ಕೆಳಗೆ ಹಾಸಿಗೆ ಹಾಸಿದಂತೆ. ಮೂರು ದಿನ ಬಿಡದೆ ಮಳೆ ಹಿಡಿದರೆ ಮಣ್ಣು ನೀರು ಹೀರಿ ತೂಕ ಇನ್ನೂ ಏರುತ್ತದೆ. ಅದೇ ಹೊತ್ತಿಗೆ ಗೋಡೆಯೊಳಗಿನ ಕೆಸರು ಮೆತ್ತಗಾಗುತ್ತದೆ. ಹೊರೆ ಹೆಚ್ಚುವುದೂ ಹೊರುವವನ ಕಾಲು ಸೋಲುವುದೂ ಒಟ್ಟಿಗೆ.

1993ರ ಸೆಪ್ಟೆಂಬರ್ 30ರಂದು ಈ ಲೆಕ್ಕ ಒಂದೇ ಸಲಕ್ಕೆ ಚುಕ್ತಾ ಆಯಿತು. ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದ ರಾತ್ರಿ. ನಸುಕಿನ ನಾಲ್ಕು ಗಂಟೆಗೆ ಕೆಲವು ನಿಮಿಷ ಮುನ್ನ ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ ನೆಲ ನಡುಗಿತು. ಕಡಗಂಚಿಯಿಂದ ನೇರ ಗೆರೆ ಎಳೆದರೆ ಕಿಲ್ಲಾರಿ ಸುಮಾರು 70 ಕಿಲೋಮೀಟರು. ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಉಮರ್ಗಾ ತಾಲ್ಲೂಕು ದಾಟಿದರೆ ಆಳಂದದ ಗಡಿಯೇ. ಕಂಪನದ ಪ್ರಮಾಣ 6.2ರ ಆಸುಪಾಸು. ಜಗತ್ತಿನ ದೊಡ್ಡ ಭೂಕಂಪಗಳ ಪಟ್ಟಿಯಲ್ಲಿ ಇದು ಮಧ್ಯಮದ್ದು. ಸತ್ತವರು ಮಾತ್ರ ಎಂಟರಿಂದ ಹತ್ತು ಸಾವಿರದ ನಡುವೆ. ಆಗಿನ ಭೂಕಂಪ ನಕ್ಷೆಯಲ್ಲಿ ಆ ಭಾಗ ಅತ್ಯಂತ ಕಡಿಮೆ ಅಪಾಯದ ಮೊದಲ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ಮೊದಲ ವಲಯವನ್ನೇ ತೆಗೆದುಹಾಕಲಾಯಿತು.

ಬಂದ ಇಂಜಿನಿಯರುಗಳು ಕಂಡದ್ದು ನಮ್ಮ ಕಡೆಯ ಮನೆಗಳನ್ನೇ. ಗೋಡೆಯ ಎರಡು ಮುಖಗಳನ್ನು ಕೂಡಿಸುವ ಅಡ್ಡಗಲ್ಲುಗಳಿರಲಿಲ್ಲ. ನೆಲ ಅಲುಗಿದಾಗ ಹೊರಮುಖ ಬೀದಿಗೆ, ಒಳಮುಖ ಮಲಗಿದವರ ಮೇಲೆ ಬಿತ್ತು. ಒಂದರಿಂದ ಎರಡೂವರೆ ಅಡಿ ದಪ್ಪದ ಮಾಳಿಗೆಯ ಮಣ್ಣು ಹಿಂದೆಯೇ ಸುರಿಯಿತು. ಕಲ್ಲಿನ ಪೆಟ್ಟಿನಿಂದ ಬದುಕಿದವರಿಗೂ ಮಣ್ಣಿನಡಿ ಉಸಿರಾಡುವ ಸಂದಿ ಉಳಿಯಲಿಲ್ಲ. ಅಲ್ಲಲ್ಲಿ ಕಟ್ಟಿಗೆಯ ಕಂಬ ತೊಲೆಗಳ ಚೌಕಟ್ಟು ಮಾತ್ರ ನಿಂತೇ ಇತ್ತೆಂಬುದು ಗಮನಿಸಬೇಕಾದ ಸಂಗತಿ. ಗೋಡೆ ಹೋದರೂ ಸೂರು ನಿಂತ ಅಂಥ ಮನೆಗಳು ಮುಂದಿನ ದುರಸ್ತಿಗೆ ಒಂದು ಪಾಠವಾದವು.

ಆಮೇಲೆ ನಡೆದದ್ದರಲ್ಲಿ ಐವತ್ತೆರಡು ಹಳ್ಳಿಗಳ ಸ್ಥಳಾಂತರದ ಸುದ್ದಿಯೇ ಪತ್ರಿಕೆಗಳನ್ನು ತುಂಬಿತು. ಅದಕ್ಕಿಂತ ದೊಡ್ಡ ಕೆಲಸ ಸದ್ದಿಲ್ಲದೆ ನಡೆಯಿತು. ವಿಶ್ವಬ್ಯಾಂಕಿನ ನೆರವಿನೊಂದಿಗೆ 1994ರಲ್ಲಿ ಮಹಾರಾಷ್ಟ್ರ ಸರ್ಕಾರ ಆರಂಭಿಸಿದ ಪುನರ್ವಸತಿ ಕಾರ್ಯಕ್ರಮದಲ್ಲಿ, ಬೀಳದೆ ಬಿರುಕು ಬಿಟ್ಟಿದ್ದ ಸುಮಾರು ಎರಡು ಲಕ್ಷ ಮನೆಗಳ ದುರಸ್ತಿಯನ್ನು ಮನೆಯವರ ಕೈಗೇ ಬಿಡಲಾಯಿತು. ಹಣ ಕಂತುಗಳಲ್ಲಿ, ಇಂಜಿನಿಯರ ಸಲಹೆ ಊರಿನಲ್ಲಿ, ಕೆಲಸ ಮನೆಯವರದು. ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆ ಹಳ್ಳಿಯ ಹೆಂಗಸರನ್ನೇ ‘ಸಂವಾದ ಸಹಾಯಕ’ರಾಗಿ ಸಜ್ಜುಗೊಳಿಸಿತು. ಕೆಲಸ ಸರಿಯಾಗಿದೆಯೇ, ದುಡ್ಡು ಎಲ್ಲಿ ಹೋಯಿತು ಎಂದು ಮನೆಮನೆಗೆ ಹೋಗಿ ನೋಡುವ ಹೊಣೆ ಅವರದಾಯಿತು. ಬುಟ್ಟಿ ತುಂಬಿ ಕೊಡುವುದಷ್ಟೇ ಹೆಂಗಸರ ಪಾಲು ಎಂದುಕೊಂಡಿದ್ದ ಊರುಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ದುರಸ್ತಿಯ ತಿರುಳು ಎರಡೇ: ಮೇಲಿನ ಭಾರ ಇಳಿಸುವುದು, ಗೋಡೆಯ ಎರಡು ಮುಖಗಳನ್ನು ಹೊಲಿಯುವುದು. ಹೊಲಿಗೆಯ ಕ್ರಮ ಕೇಳಲು ಸರಳವಾಗಿದೆ, ಮಾಡುವಾಗ ತಾಳ್ಮೆ ಬೇಡುತ್ತದೆ. ಗೋಡೆಯ ಒಂದು ಕಲ್ಲನ್ನು ಮೆಲ್ಲಗೆ ಅಲುಗಿಸಿ ತೆಗೆಯಬೇಕು. ಹಾರೆಯಿಂದ ಮೀಟಿದರೆ ಸುತ್ತಲಿನ ನಾಲ್ಕು ಕಲ್ಲುಗಳೂ ಸಡಿಲಾಗುತ್ತವೆ. ಒಳಗಿನ ಮಣ್ಣನ್ನು ಸಣ್ಣ ಸಲಾಕೆಯಿಂದ ಕೆದಕಿ ಆಚೆಯ ಮುಖ ಮುಟ್ಟುವ ರಂಧ್ರ ಮಾಡಬೇಕು. ಅದರಲ್ಲಿ ಎರಡೂ ತುದಿ ಬಾಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟು ತುಂಬಿ, ಹತ್ತು ದಿನವಾದರೂ ನೀರುಣಿಸಬೇಕು. ಒಂದು ಗಟ್ಟಿಯಾಗುವ ಮೊದಲು ಪಕ್ಕದ್ದನ್ನು ತೋಡಬಾರದು. ಹೊಸ ಗೋಡೆಗಾದರೆ ಅದೇ 1993ರ ಭಾರತೀಯ ಮಾನಕ 13828 ಹೇಳುವಂತೆ ಎತ್ತರದಲ್ಲಿ ಎರಡೆರಡು ಅಡಿಗೆ, ಉದ್ದದಲ್ಲಿ ನಾಲ್ಕು ಅಡಿಗೊಂದರಂತೆ ಗೋಡೆಯ ಪೂರ್ತಿ ದಪ್ಪಕ್ಕೆ ಚಾಚುವ ಕಲ್ಲಿಡಬೇಕು. ಗೋಡೆಯ ದಪ್ಪ ಒಂದೂವರೆ ಅಡಿ ಮೀರಬಾರದು. ದಪ್ಪ ಗೋಡೆಯೇ ಭದ್ರ ಎಂಬ ಹಳೆಯ ನಂಬಿಕೆಗೆ ಇದು ತದ್ವಿರುದ್ಧ. ಕಂಬ ತೊಲೆ ಕೂಡುವ ಮೂಲೆಗಳಿಗೆ ಓರೆಯಾಗಿ ಕಟ್ಟಿಗೆಯ ಆನಿಕೆ ಬಡಿಯುವುದೂ ಆಗಿನ ಸಲಹೆಗಳಲ್ಲೊಂದು. ಗೋಡೆ ಬಿದ್ದರೂ ಸೂರು ನಿಂತಿದ್ದ ಮನೆಗಳು ಕಲಿಸಿದ ಪಾಠ ಇದೇ.

ಮಣ್ಣಿನ ಸೂರು ಈ ಸೀಮೆಗಷ್ಟೇ ಸೇರಿದ್ದಲ್ಲ. ಪೂರ್ವ ತುರ್ಕಿಯ ಹಳ್ಳಿಗಳಲ್ಲಿ ಮಳೆಯಾದಾಗಲೆಲ್ಲ ಸೂರಿನ ಮಣ್ಣು ಬಿಗಿಯಲೆಂದು ಉರುಳಿಸಲು ಮಾಳಿಗೆಯ ಮೇಲೆಯೇ ಒಂದು ಕಲ್ಲಿನ ಉರುಳೆ ಇರುತ್ತಿತ್ತು. ಅಲ್ಲಿಯೂ ಭೂಕಂಪಗಳಲ್ಲಿ ಜನರನ್ನು ಕೊಂದದ್ದು ಇದೇ ಭಾರ.

ಗಡಿಯ ಈಚೆ ಭೂಕಂಪಕ್ಕಿಂತ ಮಳೆಯೇ ಹೆಚ್ಚು ಮನೆಗಳನ್ನು ಕೆಡವಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಹೊಳೆಗೆ ಸಿಕ್ಕವರಲ್ಲ, ಸ್ವಂತ ಮನೆಯ ಗೋಡೆಗೆ ಸಿಕ್ಕವರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳು ಮುಳುಗಿದಾಗಲೂ ಮಣ್ಣಿನ ಮನೆಗಳು ಕುಸಿದವು. ಮರುವರ್ಷ ಅದೇ ತಿಂಗಳು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಸಣ್ಣ ಕಂಪನಗಳು ಮೇಲಿಂದ ಮೇಲೆ ಬಂದವು. ಅತಿ ದೊಡ್ಡದು 4.1. ಅಷ್ಟಕ್ಕೇ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಹೊರಗಿನವರಿಗೆ ಅದು ಅತಿಯಾದ ಅಂಜಿಕೆಯೆನಿಸಿರಬಹುದು. ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆಯೆಂದು ಬಲ್ಲವರಿಗೆ ಹಾಗೆನಿಸದು.

ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಗಿ ಕಡಗಂಚಿಯಲ್ಲಿ ನೆಲೆಯೂರಿದ ಮೇಲೆ ಆ ಹಾದಿಯಲ್ಲಿ ಸಿಮೆಂಟಿನ ಕಟ್ಟಡ ಹೊಸತಲ್ಲ. ಹಳ್ಳಿಯೊಳಗೂ ಮಾಳಿಗೆ ಕಿತ್ತು ಸ್ಲ್ಯಾಬು ಹಾಕಿಸುವುದು ಮರ್ಯಾದೆಯ ಗುರುತಾಗಿದೆ. ಇಲ್ಲೊಂದು ಸೂಕ್ಷ್ಮವಿದೆ. ಐದು ಅಂಗುಲದ ಸ್ಲ್ಯಾಬು ಒಂದು ಅಡಿ ಮಣ್ಣಿಗಿಂತ ಹಗುರವೇ. ಆದರೆ ಹಳೆಯ ಮನೆಯಲ್ಲಿ ಸೂರಿನ ಬಹುಪಾಲು ಭಾರ ಹೊತ್ತಿದ್ದದ್ದು ಕಂಬಗಳು. ಕೋಣೆ ವಿಶಾಲವಾಗಲೆಂದು ಕಂಬ ಕಿತ್ತು, ಕೆಸರಿನಲ್ಲಿ ಕಟ್ಟಿದ ಗೋಡೆಯ ಮೇಲೆ ನೇರವಾಗಿ ಸ್ಲ್ಯಾಬು ಕೂರಿಸಿದರೆ, ಎಂದೂ ಅಷ್ಟು ಹೊತ್ತಿರದ ಗೋಡೆ ಈಗ ಎಲ್ಲವನ್ನೂ ಹೊರಬೇಕು. ಅದೇ ಗೋಡೆಗೆ ಟಿಜೋರಿಯ ಗೂಡು ತೋಡುವುದು, ಹೊಸ ಕಿಟಕಿ ಒಡೆಯುವುದು ಬೇರೆ. ಹೊರಮೈಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ಗೋಡೆ ಗಟ್ಟಿಯಾಯಿತೆಂಬ ಭ್ರಮೆಯೂ ಇದೆ. ಒಳಗೆ ಸೇರಿದ ನೀರು ಆರಿಹೋಗಲು ದಾರಿಯಿಲ್ಲದೆ ಕೆಸರು ಒಳಗೊಳಗೇ ಕರಗುತ್ತದೆ. ಗಿಲಾವು ಮಾತ್ರ ಚೆಂದವಾಗಿ ನಿಂತಿರುತ್ತದೆ, ಉಬ್ಬುವವರೆಗೆ. ಮಣ್ಣಿನ ಗೋಡೆಗೆ ಮಣ್ಣು ಅಥವಾ ಸುಣ್ಣದ ಗಿಲಾವೇ ಸರಿ.

ಹಳೆಯ ಮಾಳಿಗೆಯನ್ನು ಇಟ್ಟುಕೊಂಡು ಅದರ ಭಾರ ಇಳಿಸುವವರು ಬೇಸಿಗೆಯಲ್ಲೇ, ಮಣ್ಣು ಪೂರ್ತಿ ಒಣಗಿದಾಗ ಕೆಲಸ ಹಿಡಿಯುವುದು ಲೇಸು. ಮೊದಲು ಕೆಳಗಿನಿಂದ ಜಂತಿಗಳ ತುದಿ ನೋಡಬೇಕು. ಗೋಡೆಯೊಳಗೆ ಹೊಕ್ಕ ಆ ಒಂದು ಗೇಣನ್ನೇ ಗೆದ್ದಲು ಮೊದಲು ತಿನ್ನುತ್ತದೆ. ಚೂರಿಯ ಮೊನೆ ಸಲೀಸಾಗಿ ಇಳಿದರೆ ಆ ಜಂತಿಗೆ ಆಸರೆ ಕಂಬ ಕೊಡದೆ ಮೇಲೆ ಹತ್ತಬಾರದು. ಕೆಲಸ ನಡೆಯುವಾಗ ಕೆಳಗಿನ ಕೋಣೆಯಲ್ಲಿ ಮಕ್ಕಳೂ ಇರಬಾರದು, ದನಗಳೂ ಇರಬಾರದು. ಮೇಲೆ ಇಬ್ಬರು ಮೂವರಿಗಿಂತ ಹೆಚ್ಚು ಜನ ಬೇಡ. ನಿಲ್ಲುವುದು ತೊಲೆಯ ನೇರಕ್ಕೆ, ಹಲಗೆ ಹಾಸಿಕೊಂಡು. ಮಣ್ಣನ್ನು ಎಲ್ಲ ಕಡೆಯಿಂದ ತೆಳುವಾಗಿ, ಸಮನಾಗಿ ಕೆರೆಯಬೇಕು. ಕೆರೆದದ್ದನ್ನು ಮಾಳಿಗೆಯ ಒಂದು ಮೂಲೆಯಲ್ಲಿ ಗುಡ್ಡೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಇಡೀ ಕೋಣೆಯ ಹೊರೆ ಆಗ ನಾಲ್ಕು ಜಂತಿಗಳ ಮೇಲೆ ಬೀಳುತ್ತದೆ. ತೆಗೆದ ಬುಟ್ಟಿ ಕೂಡಲೇ ಕೆಳಗಿಳಿಯಬೇಕು. ಅರ್ಧ ಅಡಿಯಷ್ಟು ಉಳಿಸಿ, ನೀರು ಹರಿದುಹೋಗುವ ದೋಣಿಯ ಕಡೆಗೆ ಇಳಿಜಾರು ಕೊಟ್ಟು, ಸೋರದಿರಲು ಮಣ್ಣಿನ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಪ್ರತಿವರ್ಷ ಬಂಡಿ ಹೂಡುವ ಅಗತ್ಯವೂ ತಪ್ಪುತ್ತದೆ. ಇಳಿಸಿದ ಮಣ್ಣು ಹಾಳೂರ ಬಿಳಿಮಣ್ಣಾದರೆ ಹೊಲಕ್ಕೆ ಗೊಬ್ಬರವಾದೀತು. ಸವಳಾಗಿದ್ದರೆ ಹೊಲದ ಹತ್ತಿರವೂ ಒಯ್ಯಬಾರದು. ಅಂಗಳದ ತಗ್ಗು ತುಂಬಲು ಅದು ಸಾಕು.