ನೆಲುವು ಹತ್ತು, ಜಂತಿ ಒಂದು

ಷೇರುಪೇಟೆಯ ಮಾತು ಬಂದಾಗ ತಿಳಿದವರು ಮೊದಲು ಹೇಳುವುದು, ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿಡಬೇಡಿ ಎಂದು. ಹೆಂಗಸರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು, ಟ್ರಂಕಿನ ತಳದ ಸೀರೆ ಮಡಿಕೆಯಲ್ಲಿ ಒಂದಿಷ್ಟು, ಅಂಚೆ ಕಚೇರಿಯಲ್ಲಿ ಒಂದಿಷ್ಟು, ಓಣಿಯ ಚೀಟಿಯಲ್ಲಿ ಒಂದಿಷ್ಟು ಎಂದು ಹಂಚಿಡುವುದನ್ನು ನಮ್ಮ ತಾಯಂದಿರು ಯಾವ ಪುಸ್ತಕವನ್ನೂ ಓದದೆ ಕಲಿತಿದ್ದರು. ಆದರೆ ಹಳೆಯ ಮನೆಗಳಲ್ಲಿ ಬೆಕ್ಕಿಗೆ ಸಿಗದಂತೆ ಹಾಲು ಮೊಸರನ್ನು ನೆಲುವಿನಲ್ಲಿ ತೂಗುಹಾಕುತ್ತಿದ್ದರಲ್ಲ, ಅದನ್ನು ನೆನಪಿಸಿಕೊಳ್ಳಿ. ನೆಲುವು ಹತ್ತಿದ್ದರೂ ಮೇಲಿನ ಜಂತಿ ಒಂದೇ ಆಗಿದ್ದು, ಅದಕ್ಕೆ ಗೆದ್ದಲು ಹಿಡಿದಿದ್ದರೆ? 1865ರಲ್ಲಿ ಮುಂಬಯಿಯಲ್ಲಿ ನಡೆದದ್ದು ಇದೇ.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಹೇಳುವವಳು. ಅಮೆರಿಕದ ಅಂತರ್ಯುದ್ಧಕ್ಕೂ ನಮ್ಮ ಕುಮಟೆಗೂ ಏನು ಸಂಬಂಧ ಎಂದು ಕೇಳಿದರೆ ಮಕ್ಕಳು ನಗುತ್ತಾರೆ. ಸಂಬಂಧ ಹತ್ತಿಯದು. ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. 1861ರ ಏಪ್ರಿಲಿನಲ್ಲಿ ಅಲ್ಲಿ ಯುದ್ಧ ಹತ್ತಿಕೊಂಡು, ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಗಿರಣಿಗಳ ಕಣ್ಣು ಹಿಂದುಸ್ಥಾನದ ಕಡೆ ತಿರುಗಿತು. ನಮ್ಮ ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. ಇಲ್ಲಿಯ ಹತ್ತಿ ಗಾಡಿಗಳಲ್ಲಿ, ಹೇರೆತ್ತುಗಳ ಬೆನ್ನ ಮೇಲೆ ಘಟ್ಟವಿಳಿದು ಕುಮಟೆ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಹಾಗಾಗಿ ಅಲ್ಲಿಯ ಪೇಟೆಯಲ್ಲಿ ಧಾರವಾಡದ ದೇಸಿ ಹತ್ತಿಗೆ ಕುಮಟೆ ಎಂದೇ ಹೆಸರು. ಬೆಳೆದ ಊರಿಗಿಂತ ಹಡಗು ಹತ್ತಿದ ಊರಿಗೆ ಕೀರ್ತಿ! ಹೆಣ್ಣುಮಕ್ಕಳ ತವರಿನ ಹೆಸರಿನ ಗತಿಯೂ ಹೆಚ್ಚುಕಡಿಮೆ ಇದೇ ಅನ್ನಿ.

ನಾಲ್ಕೈದು ವರ್ಷಗಳಲ್ಲಿ ಎಂದಿನ ಗಳಿಕೆಯ ಮೇಲೆ ಏಳು ಕೋಟಿ ಪೌಂಡಿನಷ್ಟು ಹೆಚ್ಚಿನ ಹಣ ಮುಂಬಯಿಗೆ ಬಂತೆಂದು ಅಂದಾಜು. ಬೆಳ್ಳಿ ಬಂಗಾರ ಹಡಗುಗಟ್ಟಲೆ ಬಂದಿಳಿಯಿತು. ಇಷ್ಟು ಹಣವನ್ನು ಎಲ್ಲಿಡುವುದು? ಜನ ಕಂಪನಿಗಳನ್ನು ತೆರೆಯತೊಡಗಿದರು. 1865ರ ಜನವರಿಯ ಹೊತ್ತಿಗೆ ಆ ಒಂದು ಊರಿನಲ್ಲಿ 31 ಬ್ಯಾಂಕುಗಳು, 16 ಹಣಕಾಸು ಸಂಸ್ಥೆಗಳು, 8 ಭೂಮಿ ಕಂಪನಿಗಳು, ಹತ್ತಿ ಒತ್ತುವ 16 ಕಂಪನಿಗಳು, 10 ಹಡಗು ಕಂಪನಿಗಳು, 20 ವಿಮಾ ಕಂಪನಿಗಳು ಇದ್ದವು. ಟೌನ್ ಹಾಲಿನ ಹತ್ತಿರ ಆಲದ ಮರದ ಕೆಳಗೆ ಕೂಡುತ್ತಿದ್ದ ದಲ್ಲಾಳಿಗಳಿಗೆ ಊಟಕ್ಕೂ ಪುರಸೊತ್ತಿರಲಿಲ್ಲ. ಎಲ್ಲಕ್ಕಿಂತ ಹೆಸರಾದದ್ದು ಬ್ಯಾಕ್ ಬೇ ಕಂಪನಿ. ಸಮುದ್ರಕ್ಕೆ ಮಣ್ಣು ತುಂಬಿ ಭೂಮಿ ಮಾಡಿ ಮಾರುವುದು ಅದರ ಉದ್ದೇಶ. ರೂ. 5,000 ತುಂಬಿದ ಅದರ ಷೇರಿನ ಬೆಲೆ ರೂ. 50,000ಕ್ಕೆ ಏರಿತು. ಭೂಮಿಯಿನ್ನೂ ನೀರಿನಡಿಯಲ್ಲೇ ಇತ್ತು!

ಈಗ ಆ ಕಾಲದ ಒಬ್ಬ ಜಾಣ ಗೃಹಸ್ಥನನ್ನು ಊಹಿಸಿಕೊಳ್ಳಿ. ಆತ ಒಂದೇ ಕಂಪನಿಗೆ ದುಡ್ಡು ಸುರಿದವನಲ್ಲ. ಎರಡು ಬ್ಯಾಂಕು, ಒಂದು ಭೂಮಿ ಕಂಪನಿ, ಒಂದು ಹತ್ತಿ ಪ್ರೆಸ್ಸು, ಒಂದು ಹಡಗು, ಒಂದು ವಿಮೆ ಎಂದು ಹಂಚಿದ್ದಾನೆ. ಇಂದಿನ ಸಲಹೆಗಾರರೂ ಭೇಷ್ ಎನ್ನುವಂಥ ಪಟ್ಟಿ. ಆದರೆ ಪ್ರೆಸ್ಸಿನಲ್ಲಿ ಒತ್ತುತ್ತಿದ್ದುದು ಹತ್ತಿ, ಹಡಗಿನಲ್ಲಿ ಹೋಗುತ್ತಿದ್ದುದು ಹತ್ತಿ, ವಿಮೆಯೂ ಆ ಹತ್ತಿಯ ಮೇಲೆಯೇ. ಭೂಮಿ ಕೊಳ್ಳುವವರ ಕೈಯಲ್ಲಿದ್ದುದು ಹತ್ತಿಯ ದುಡ್ಡು. ಇನ್ನು ಬ್ಯಾಂಕುಗಳು! ಹಳೆಯದೂ ಗಟ್ಟಿಯದೂ ಎಂದು ಹೆಸರಾದ ಬ್ಯಾಂಕ್ ಆಫ್ ಬಾಂಬೆಯ ಕಾಯಿದೆಯನ್ನು 1863ರಲ್ಲಿ ಸಡಿಲಿಸಿದ್ದರು. ಅಂದಿನಿಂದ ಅದು ಈ ಹೊಸ ಕಂಪನಿಗಳ ಷೇರುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಡತೊಡಗಿತು. ಆ ಸಾಲದಿಂದ ಜನ ಮತ್ತೆ ಷೇರನ್ನೇ ಕೊಂಡರು. ಷೇರಿಗೆ ಸಾಲ, ಸಾಲಕ್ಕೆ ಷೇರು, ಎರಡಕ್ಕೂ ಮೇಲೆ ಹತ್ತಿ.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಜನರಲ್ ಲೀ ಶರಣಾದನು. ಯುದ್ಧ ಮುಗಿಯಿತು ಎಂದು ಜಗತ್ತು ನಿಟ್ಟುಸಿರು ಬಿಟ್ಟರೆ ಮುಂಬಯಿ ನಡುಗಿತು. ಹತ್ತಿಯ ಧಾರಣೆ ಬಿತ್ತು. ವಾಯಿದೆ ವ್ಯಾಪಾರಗಳ ಲೆಕ್ಕ ತೀರಿಸಬೇಕಾದ ಗಡುವು ಜುಲೈ 1 ಆಗಿತ್ತು. ಕೊಡಬೇಕಾದವರ ಹತ್ತಿರ ಹಣವಿಲ್ಲ, ಬರಬೇಕಾದವರಿಗೂ ಬರಲಿಲ್ಲ. ಬ್ಯಾಕ್ ಬೇ ಷೇರು ರೂ. 2,000ಕ್ಕಿಂತ ಕೆಳಗೆ ಹೋಯಿತು. ರೂ. 2,850 ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರಿಗೆ ರೂ. 87 ಸಿಕ್ಕರೆ ಪುಣ್ಯ. 1868ರಲ್ಲಿ ಆ ಬ್ಯಾಂಕನ್ನೇ ಮುಚ್ಚಿ ಅದೇ ಹೆಸರಿನ ಹೊಸ ಬ್ಯಾಂಕು ತೆರೆಯಬೇಕಾಯಿತು. 1864ರ ಜನಗಣತಿಯಲ್ಲಿ 8,16,562 ಇದ್ದ ಮುಂಬಯಿಯ ಜನಸಂಖ್ಯೆ 1872ಕ್ಕೆ 6,44,405 ಆಗಿತ್ತು. ಗಂಟುಮೂಟೆ ಕಟ್ಟಿ ಊರಿಗೆ ಮರಳಿದ ಸಂಸಾರಗಳಲ್ಲಿ ಹೆಂಗಸರ ಮೈಮೇಲೆ ಏನು ಉಳಿದಿತ್ತೋ, ಯಾವ ಗಣತಿಯೂ ಬರೆದಿಟ್ಟಿಲ್ಲ.

ಈ ಆಟದ ದೊಡ್ಡ ಆಟಗಾರ ಪ್ರೇಮಚಂದ್ ರಾಯಚಂದ್. ಆತನೂ ಬಿದ್ದ. ಆದರೆ ಆತ ತಾಯಿ ರಾಜಾಬಾಯಿಯ ಹೆಸರಿನಲ್ಲಿ ವಿಶ್ವವಿದ್ಯಾಲಯದ ಗಡಿಯಾರ ಗೋಪುರಕ್ಕೆಂದು ಕೊಟ್ಟ ಎರಡು ಲಕ್ಷ ರೂಪಾಯಿ ಮಾತ್ರ ಗಟ್ಟಿಯಾಗಿ ನಿಂತಿತು. 1869ರಲ್ಲಿ ಶುರುವಾದ ರಾಜಾಬಾಯಿ ಗೋಪುರ 1878ರಲ್ಲಿ ಮುಗಿಯಿತು. ಕಣ್ಣು ಕಾಣದ ಆ ತಾಯಿ ಜೈನ ಪದ್ಧತಿಯಂತೆ ಸೂರ್ಯಾಸ್ತಕ್ಕೆ ಮೊದಲು ಊಟ ಮಾಡಲು ಗಂಟೆಯ ಸದ್ದು ಕೇಳಲಿ ಎಂದು ಕಟ್ಟಿಸಿದ್ದೆಂದು ಜನ ಹೇಳುತ್ತಾರೆ. ನಿಜವೋ ಕಥೆಯೋ, ಆ ಷೇರುಗಳ ಕಾಲದಿಂದ ಉಳಿದ ವಸ್ತುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು.

ಹ್ಯಾರಿ ಮಾರ್ಕೊವಿಟ್ಜ್ ಎಂಬ ಅಮೆರಿಕದ ವಿದ್ವಾಂಸ 1952ರಲ್ಲಿ ಇದನ್ನೇ ಗಣಿತದಲ್ಲಿ ತೋರಿಸಿ, 1990ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಒಂದೊಂದು ಷೇರಿನ ಗುಣದೋಷ ನೋಡಿದರೆ ಸಾಲದು, ಅವು ಒಂದರ ಜೊತೆಗೊಂದು ಏಳುತ್ತವೆಯೇ, ಒಟ್ಟಿಗೇ ಬೀಳುತ್ತವೆಯೇ ಎಂಬುದನ್ನು ನೋಡಬೇಕು ಎಂಬುದು ಅವರ ಲೆಕ್ಕದ ತಿರುಳು.

ನನ್ನದು ಅನುದಾನವಿಲ್ಲದ ಶಾಲೆ, ನಿವೃತ್ತಿಯ ಮೇಲೆ ಪಿಂಚಣಿಯಿಲ್ಲ. ಪಿ.ಎಫ್. ಹಣ, ಅಂಚೆ ಕಚೇರಿಯ ಪತ್ರಗಳು, ಒಂದಿಷ್ಟು ಷೇರು, ಇವೇ ಮುಂದೆ ನನ್ನ ಕೈಹಿಡಿಯಬೇಕಾದವು. ಆದ್ದರಿಂದ ಒಂದು ನೋಟುಬುಕ್ಕಿನಲ್ಲಿ ಕಂಪನಿಯ ಹೆಸರು, ಕೊಂಡ ಬೆಲೆಗಳ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಿದ್ದೇನೆ: ಇದಕ್ಕೆ ಅನ್ನ ಎಲ್ಲಿಂದ? ಮಳೆಯಿಂದಲೇ, ಪರದೇಶದ ಗಿರಾಕಿಯಿಂದಲೇ, ಸರ್ಕಾರದ ಗುತ್ತಿಗೆಯಿಂದಲೇ, ಬಡ್ಡಿಯ ದರದಿಂದಲೇ? ಯುಗಾದಿ ಮುಗಿದ ಮೇಲೆ ಒಂದು ದಿನ ಕೂತು, ಯಾವುದಾದರೂ ಒಂದು ಉತ್ತರದ ಎದುರಿಗೆ ಐದನೆಯ ಒಂದು ಪಾಲಿಗಿಂತ ಹೆಚ್ಚು ಹಣ ಸೇರಿದ್ದರೆ, ಹೆಚ್ಚಾದದ್ದನ್ನು ಮಾರಿ ಕಡಿಮೆಯಿರುವ ಕಡೆಗೆ ಹಾಕುತ್ತೇನೆ. ಏರುತ್ತಿರುವುದನ್ನು ಮಾರಲು ಕೈ ಬರುವುದಿಲ್ಲ, ನಿಜ. ಸಾಲ ತಂದು ಮಾತ್ರ ಒಂದು ಷೇರನ್ನೂ ಕೊಳ್ಳುವುದಿಲ್ಲ. ಮ್ಯೂಚುವಲ್ ಫಂಡ್ ಇದ್ದವರೂ ಇದನ್ನು ಮಾಡಬಹುದು. ಫಂಡು ನಾಲ್ಕಿದ್ದರೂ ಒಳಗಿನ ಪಟ್ಟಿ ತೆರೆದು ನೋಡಿದರೆ ಅವೇ ದೊಡ್ಡ ಬ್ಯಾಂಕುಗಳು ನಾಲ್ಕರಲ್ಲೂ ಕೂತಿರುವುದುಂಟು.

ನಮ್ಮ ಶಾಲೆಯ ಶಿಕ್ಷಕಿಯೊಬ್ಬರು ಪತಿ ತೀರಿಕೊಂಡ ಮೇಲೆ ಡಿಮ್ಯಾಟ್ ಪಟ್ಟಿಯನ್ನು ತಂದು ನನ್ನ ಮುಂದಿಟ್ಟರು. ಹನ್ನೊಂದು ಕಂಪನಿಗಳು, ಚೆನ್ನಾಗಿ ಹರಡಿದೆಯಲ್ಲವೇ ಎಂದು ಕೇಳಿದರು. ಎರಡು ಬ್ಯಾಂಕು, ಎರಡು ಗೃಹಸಾಲದ ಕಂಪನಿ, ಮೂರು ಸಿಮೆಂಟು, ಒಂದು ಬಣ್ಣ, ಒಂದು ಟೈಲ್ಸು, ಒಂದು ಕಬ್ಬಿಣದ ಸರಳು, ಒಂದು ಮನೆ ಕಟ್ಟಿ ಮಾರುವ ಕಂಪನಿ. "ಜನ ಮನೆ ಕಟ್ಟುವುದನ್ನು ನಿಲ್ಲಿಸಿದರೆ ಇದರಲ್ಲಿ ಯಾವುದು ನಿಲ್ಲುತ್ತದೆ ಹೇಳಿ" ಎಂದೆ. ಅವರು ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಹೋದರು, ಬೆರಳು ಎಲ್ಲಿಯೂ ನಿಲ್ಲಲಿಲ್ಲ.

ಅವಸರ ಮಾಡದೆ ಒಂದು ವರ್ಷದಲ್ಲಿ ಅವರು ಆರು ಷೇರುಗಳನ್ನು ಮಾರಿದರು. ಅರ್ಧ ಹಣ ಮಗಳ ಹೆಸರಿನಲ್ಲಿ ಅಂಚೆ ಕಚೇರಿಗೆ ಹೋಯಿತು, ಉಳಿದದ್ದು ಔಷಧಿಯ ಕಂಪನಿಗೆ ಒಂದಿಷ್ಟು, ಸಾಬೂನು ಬಿಸ್ಕತ್ತು ಮಾಡುವವರಿಗೆ ಒಂದಿಷ್ಟು. ಬಣ್ಣದ ಕಂಪನಿಯದನ್ನು ಮಾತ್ರ ಮಾರಲಿಲ್ಲ. ಯಜಮಾನರು ಕೊಂಡ ಮೊದಲ ಷೇರು ಅದಂತೆ, ಇರಲಿ ಎಂದರು. ನಾನೂ ಇರಲಿ ಎಂದೆ.