ತೋಳಕ್ಕ ಧಾಮ ಆತು, ಕುರಿ ಲೆಕ್ಕ ಯಾರು ಬರೀತಾರ?

 

ಇವತ್ತಿನ ಎಪಿಸೋಡ್ ಶುರುವಾಗಿದ್ದು ಒಂದು ಕಡಲೆ ಕಿತ್ತ ಹೊಲದಲ್ಲಿ. ಬನದ ಹುಣ್ಣಿಮೆ ಮುಗಿದು ಒಂದು ವಾರ ಆಗಿತ್ತು. ಬನಶಂಕರಿಯಲ್ಲಿ ಜಾತ್ರೆ ಅಂಗಡಿಗಳು ಇನ್ನೂ ಇದ್ದವು, ನಾಟಕದ ಮೈಕು ಇನ್ನೂ ಕೇಳ್ತಿತ್ತು. ಚೊಳಚಗುಡ್ಡ ದಾಟಿ ಸ್ವಲ್ಪ ದೂರ ಹೋದ್ರೆ ರಸ್ತೆ ಪಕ್ಕ ಕುರಿ ಹಟ್ಟಿ. ಸುತ್ತ ಬಲೆ ಕಟ್ಟಿದ್ರು, ಒಳಗೆ ನೂರಾರು ಕುರಿ, ಹೊರಗೆ ಎರಡು ನಾಯಿ. ಹೊಲದ ಮಾಲೀಕ ಗೊಬ್ಬರಕ್ಕಂತ ಕುರಿ ಕೂಡಿಸಿದ್ದ. ಕುರಿ ಕಾಯೋ ಕಾಕಾ ಒಬ್ಬರು ಕಂಬಳಿ ಹೊದ್ದು ಚಹಾ ಕುಡೀತಿದ್ರು. ನಾನು ಜಾತ್ರೆ ಬಗ್ಗೆ ರೆಕಾರ್ಡ್ ಮಾಡೋಕೆ ಹೋದವನು, ಸುಮ್ನೆ ಮಾತಿಗೆ ಕೂತೆ.

“ಎರಡ್ ಮರಿ ಹೋದ್ವು ತಮ್ಮಾ,” ಅಂದ್ರು. “ತೋಳ ಬಂದಿತ್ತು. ನಾಯಿ ಆ ಕಡೆ ಬೊಗಳಿಕೋತ ಓಡಿದ್ವು, ಈ ಕಡೆಯಿಂದ ಎತಗೊಂಡು ಹೋತು.”

“ಫಾರೆಸ್ಟ್‌ನೋರಿಗೆ ಹೇಳಿದ್ರೇನ್ ಕಾಕಾ? ಪರಿಹಾರ ಕೊಡ್ತಾರಲ್ಲ?”

“ಹೇಳಿ ಏನ್ ತೋರಸ್ಲಿ? ಸತ್ತ ಕುರಿ ಬಿದ್ದಿದ್ರ ಫೋಟೊ ಹೊಡಕೋತಾರ, ಡಾಕ್ಟರ್ ಬರ್ತಾರ. ನಂದು ಹೋಗೇ ಬಿಟ್ಟೈತಿ. ಖಾಲಿ ನೆಲದ ಫೋಟೊ ಹೊಡೀಲ್ಯಾ?”

ನಾನು ಬಿ.ಕಾಂ. ಓದಿದವನು. ಸ್ಟಾಕ್ ಕಡಿಮೆ ಆಗಿದೆ, ಆದ್ರೆ ವೋಚರ್ ಇಲ್ಲ. ಇಂಥ ನಷ್ಟವನ್ನ ಯಾವ ಆಡಿಟರೂ ಒಪ್ಪಲ್ಲ. ಆ ರಾತ್ರಿ ಮನೆಗೆ ಬಂದು ಹಳೆಯ ಪುಸ್ತಕ ಹುಡುಕೋಕೆ ಶುರು ಮಾಡಿದೆ, ನಮ್ಮ ಕಡೆ ತೋಳದ ಬಗ್ಗೆ ಯಾರಾದ್ರೂ ಬರೆದಿದ್ದಾರಾ ಅಂತ.

ಬರೆದಿದ್ದಾರೆ. ಯಾರು ಅಂದ್ರೆ ನಿಮಗೂ ಆಶ್ಚರ್ಯ ಆಗುತ್ತೆ. 1824ರಲ್ಲಿ ಕಿತ್ತೂರು ಚೆನ್ನಮ್ಮನ ಸೈನ್ಯ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನ ಸೆರೆ ಹಿಡಿದಿತ್ತಲ್ಲ, ಸ್ಟೀವನ್ಸನ್ ಮತ್ತು ಎಲಿಯಟ್? ಶಾಲೆಯಲ್ಲಿ ಓದಿರ್ತೀರಿ. ಅದೇ ವಾಲ್ಟರ್ ಎಲಿಯಟ್. ಬಿಡುಗಡೆ ಆದಮೇಲೂ ಈತ ಈ ಕಡೆಯೇ ಕೆಲಸ ಮಾಡಿದ. ಚಾಲುಕ್ಯರ ಶಾಸನಗಳನ್ನ ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಜೊತೆಗೆ ಪ್ರಾಣಿಗಳ ಹುಚ್ಚು. ಇಂಗ್ಲಿಷರು ನಮ್ಮ ಧಾರವಾಡ ಸೀಮೆಯನ್ನ ಆಗ ಸದರ್ನ್ ಮರಾಠಾ ಕಂಟ್ರಿ ಅಂತ ಕರೀತಿದ್ರು. ಅಲ್ಲಿಯ ಸಸ್ತನಿಗಳ ಪಟ್ಟಿಯೊಂದನ್ನ ಎಲಿಯಟ್ 1839ರಲ್ಲಿ ಮದ್ರಾಸಿನ ಒಂದು ಜರ್ನಲ್‌ನಲ್ಲಿ ಪ್ರಕಟಿಸಿದ.

ಅದರಲ್ಲಿ ತೋಳದ ಭಾಗ ಓದ್ತಾ ಇದ್ರೆ ನನಗೆ ಕಾಕಾನ ದನಿಯೇ ಕೇಳಿದ ಹಾಗಾಯ್ತು. ತೋಳಕ್ಕೆ ಮುಖ್ಯ ಆಹಾರ ಕುರಿ ಅಂತಾನೆ ಎಲಿಯಟ್. ಕುರುಬರು ಅವನಿಗೆ ಹೇಳಿದ್ದು ಏನು ಗೊತ್ತಾ? ಹಿಂಡಿನ ಕೆಲವು ತೋಳ ನಾಯಿಗಳನ್ನ ಕೆಣಕಿ ಆಟ ಆಡಿಸ್ತಾವೆ, ಅಷ್ಟರಲ್ಲಿ ಉಳಿದವು ಕುರಿ ಹೊತ್ಕೊಂಡು ಹೋಗ್ತಾವೆ. ಬೆನ್ನು ಹತ್ತಿದ್ರೂ ಅದೇ ಉಪಾಯ: ಅರ್ಧ ತಿರುಗಿ ನಿಂತು ನಾಯಿ ತಡೀತಾವೆ, ಅರ್ಧ ಎಳ್ಕೊಂಡು ಓಡ್ತಾವೆ. ಒಂಟಿಯಾಗಿ ಬೇಟೆಯಾಡೋ ದೊಡ್ಡ ತೋಳಕ್ಕೆ ಕನ್ನಡಿಗರು ಇಟ್ಟಿದ್ದ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾನೆ, ‘ವೊನ್-ತೋಳ’ ಅಂತ. ನಮ್ಮ ಒಂಟಿ ತೋಳ ಇರ್ಬೇಕು. ಅದು ಭಾಳ ಉಗ್ರ ಅಂತ ಜನ ಹೆದರ್ತಿದ್ರಂತೆ.

ಇನ್ನೊಂದು ಸಣ್ಣ ಘಟನೆ ಇದೆ. ಮೂರು ತೋಳ ಚಿಂಕಾರ ಹಿಂಡನ್ನ ಅಟ್ಟಿಸಿಕೊಂಡು ಬಂದು ಒಂದು ಹಳ್ಳ ದಾಟಿಸಿದವು, ಆ ಹಳ್ಳದಲ್ಲಿ ಇನ್ನೆರಡು ಹೊಂಚು ಹಾಕಿ ಮಲಗಿದ್ದವು, ಒಂದು ಹೆಣ್ಣು ಚಿಂಕಾರ ಹಿಡಿದವು. ಆಮೇಲೆ ಆ ಬೇಟೆಯನ್ನ ತೋಳಗಳಿಂದ ಕಿತ್ಕೊಳ್ಳಲಾಯ್ತು! ಕಿತ್ಕೊಂಡವರು ಮನುಷ್ಯರು. ಎಲಿಯಟ್ ಇದನ್ನ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗ್ತಾನೆ. ನನಗೆ ಮಾತ್ರ ಅಲ್ಲಿಂದ ಮುಂದೆ ಹೋಗೋಕೆ ಆಗ್ಲಿಲ್ಲ. ತೋಳ ಕುರಿ ಕದಿಯುತ್ತೆ ಅಂತ ನಾವು ಹೇಳ್ತೀವಿ, ಆದ್ರೆ ತೋಳ ಹಿಡಿದಿದ್ದನ್ನ ನಾವೂ ಕಸಿದುಕೊಂಡಿದ್ದೀವಿ. ಮೊಲ, ಚಿಗರಿ, ಚಿಂಕಾರ ಎಲ್ಲವನ್ನೂ ಇಲ್ಲಿ ಎರಡೂ ಕಡೆಯವರು ಬೇಟೆಯಾಡ್ತಿದ್ರು. ನಮ್ಮ ಮುಧೋಳ ನಾಯಿಯನ್ನೇ ನೋಡಿ, ಆ ಉದ್ದ ಕಾಲು, ಆ ಓಟ. ಮೊಲದ ಹಿಂದೆ ಓಡೋಕೆ ಅಂತಾನೇ ಸಾಕಿದ ತಳಿ. ಚಿಂಕಾರ ಈಗ ಉಳಿದಿರೋದು ಕೆಲವೇ ಕಡೆ. ನಮ್ಮ ಜಿಲ್ಲೆಯ ಯಡಹಳ್ಳಿಯಲ್ಲಿ ಅದಕ್ಕಾಗಿಯೇ ಒಂದು ವನ್ಯಜೀವಿ ಧಾಮ ಮಾಡಬೇಕಾಯ್ತು. ಕಾಡು ಬೇಟೆ ಕಡಿಮೆ ಆದಷ್ಟೂ ತೋಳ ಹಟ್ಟಿ ಕಡೆ ನೋಡುತ್ತೆ.

ಹಾಗಂತ ಎಲಿಯಟ್ ತೋಳದ ಪರ ಬರೆದವನಲ್ಲ. 1824ರಲ್ಲಿ ಒಂದೇ ಪರಗಣದಲ್ಲಿ 30ಕ್ಕೂ ಹೆಚ್ಚು ಮಕ್ಕಳನ್ನ ತೋಳ ತಿಂದವು ಅಂತಾನೂ ಅಲ್ಲೇ ದಾಖಲಿಸಿದ್ದಾನೆ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ಮಕ್ಕಳ ಮೇಲೆ ತೋಳದ ದಾಳಿ ಅಂತ ನಮ್ಮೆಲ್ಲರ ಫೋನಿಗೂ ವಿಡಿಯೋ ಬಂತಲ್ಲ, ಅದಕ್ಕೂ ಸರಿಯಾಗಿ 200 ವರ್ಷ ಹಿಂದಿನ ಮಾತು. ಇಂಥದ್ದು ಅಪರೂಪ, ಬಹಳ ಅಪರೂಪ. ಆದ್ರೆ ಹೊಲದಲ್ಲಿ ಮಕ್ಕಳನ್ನ ಪಕ್ಕ ಮಲಗಿಸಿಕೊಂಡು ರಾತ್ರಿ ಕಳೆಯೋ ಕುರಿಗಾಹಿ ಕುಟುಂಬಕ್ಕೆ ‘ಅಪರೂಪ’ ಅನ್ನೋ ಪದದಿಂದ ಏನು ಸಮಾಧಾನ? ಅವರ ಭಯವನ್ನ ಮೂಢನಂಬಿಕೆ ಅಂತ ನಗೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ಆ ಕಾಲದ ಸರ್ಕಾರ ಒಂದು ರೇಟ್ ಕಾರ್ಡ್ ಹಾಕಿತ್ತು. ತೋಳ ಕೊಂದು ತಲೆಯೋ ಚರ್ಮವೋ ಕಚೇರಿಗೆ ತಂದು ತೋರಿಸಿದ್ರೆ ಬಹುಮಾನ. ಬ್ರಿಟಿಷ್ ಇಂಡಿಯಾದ ಉದ್ದಕ್ಕೂ ಇದು ನಡೀತು. ಇತಿಹಾಸಕಾರ ಮಹೇಶ್ ರಂಗರಾಜನ್ ಕೊಡೋ ಲೆಕ್ಕದ ಪ್ರಕಾರ 1875ರಿಂದ 1925ರವರೆಗೆ, 50 ವರ್ಷದಲ್ಲಿ, 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳ ಸತ್ತವು. ಸರಾಸರಿ ತೆಗೀರಿ, ವರ್ಷಕ್ಕೆ 4,000 ತೋಳ. ಇವತ್ತು ಇಡೀ ದೇಶದಲ್ಲಿ ಉಳಿದಿರೋ ತೋಳ ಸುಮಾರು 3,000. ಅಂದ್ರೆ ಆಗಿನ ಒಂದು ವರ್ಷದ ಬಹುಮಾನದ ಲಿಸ್ಟಿಗೂ ಈಗಿನ ತೋಳ ಸಾಲೋದಿಲ್ಲ.

ಆಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಈಗ ತೋಳ ಮೊದಲನೇ ಶೆಡ್ಯೂಲ್‌ನಲ್ಲಿದೆ, ಹುಲಿಯ ಜೊತೆ. ಕೊಂದ್ರೆ 3ರಿಂದ 7 ವರ್ಷ ಜೈಲು. ಒಂದು ಕಾಲಕ್ಕೆ ತೋಳದ ತಲೆ ತೋರಿಸಿದ್ರೆ ದುಡ್ಡು ಕೊಡ್ತಿದ್ದ ಸರ್ಕಾರ ಈಗ ಕುರಿ ಹೆಣ ತೋರಿಸಿದ್ರೆ ದುಡ್ಡು ಕೊಡುತ್ತೆ. ಕಾನೂನು ಪೂರ್ತಿ ತಿರುಗಿತು, ಕಚೇರಿ ಬಾಗಿಲಿಗೆ ಪುರಾವೆ ಹೊತ್ತು ತರೋ ಕೆಲಸ ಮಾತ್ರ ಬಡವನ ತಲೆ ಮೇಲೆಯೇ ಉಳೀತು. ಮತ್ತೆ ತೋಳದ ಅಭ್ಯಾಸವೇ ಎತ್ಕೊಂಡು ಹೋಗೋದು, 1839ರಲ್ಲೇ ಬರೆದಿಟ್ಟಿದ್ದಾರೆ.

ಈಗ ಇಳಕಲ್, ಕುಷ್ಟಗಿ ದಾಟಿ ಗಂಗಾವತಿ ತಾಲೂಕಿಗೆ ಹೋಗೋಣ. ಕೊಪ್ಪಳ ಜಿಲ್ಲೆಯ ಬಂಕಾಪುರ. ಇಲ್ಲಿ ರಾಜ್ಯ ಸರ್ಕಾರ ತೋಳಧಾಮ ಮಾಡಿದೆ. 2025ರ ಮೇ ತಿಂಗಳಲ್ಲಿ ಅಲ್ಲೊಂದು ತೋಳ 8 ಮರಿ ಹಾಕಿದ ಸುದ್ದಿ ಬಂತು. ನಾನೂ ಸ್ಟೇಟಸ್ ಹಾಕಿದ್ದೆ, ಹಾರ್ಟ್ ಇಮೋಜಿ ಸಮೇತ. ಆ ಖುಷಿ ಈಗಲೂ ಇದೆ, ಸುಳ್ಳು ಹೇಳಲ್ಲ. ಆದ್ರೆ ಧಾಮದ ವಿಸ್ತೀರ್ಣ ನೋಡಿ: ಸುಮಾರು 332 ಹೆಕ್ಟೇರ್. ಅಂದ್ರೆ ಮೂರು ಚದರ ಕಿಲೋಮೀಟರ್ ಚಿಲ್ಲರೆ. ಒಂದು ತೋಳದ ಹಿಂಡು ಓಡಾಡೋ ಜಾಗ ನೂರು ಚದರ ಕಿಲೋಮೀಟರ್ ದಾಟುತ್ತೆ. ಹಾಗಾದ್ರೆ ಆ 8 ಮರಿ ಊಟ ಮಾಡೋದೆಲ್ಲಿ? ಧಾಮದ ಹೊರಗೆ. ಮಡ್ಡಿಯಲ್ಲಿ, ಗಾಯರಾಣದಲ್ಲಿ, ಕಡಲೆ ಕಿತ್ತ ಹೊಲದಲ್ಲಿ. ಆ ಮಡ್ಡಿಯೂ ನೀರಾವರಿ ಬಂದ ಕಡೆ ಕಬ್ಬಾಗಿದೆ, ಉಳಿದ ಕಡೆ ಸೋಲಾರ್, ಗಾಳಿ ಗಿರಣಿ. ಸರ್ಕಾರಿ ಕಾಗದದಲ್ಲಿ ಅದಕ್ಕೆ ‘ಬಂಜರು’ ಅಂತ ಹೆಸರು. ಕುರಿ ಮತ್ತೆ ತೋಳ ಎರಡೂ ಬದುಕಿದ್ದು ಆ ಬಂಜರಿನ ಮೇಲೇ.

ಅಂದ್ರೆ ತೋಳ ಸಾಕ್ತಿರೋದು ನಿಜವಾಗಿ ಕುರಿಗಾಹಿಗಳು. ಇದು ನನ್ನ ವಾದ, ನೀವು ಒಪ್ಪದೇ ಇರಬಹುದು.

ಪರಿಹಾರ ಇಲ್ವಾ? ಇದೆ. ಅರಣ್ಯ ಇಲಾಖೆ ಕೊಡುತ್ತೆ, ಪಂಚನಾಮೆ ಆಗ್ಬೇಕು, ಪಶುವೈದ್ಯರ ಕಾಗದ ಬೇಕು. ಬೇರೆ ಊರಿಂದ ವಲಸೆ ಬಂದವರಿಗೆ ಅಷ್ಟು ಹೊತ್ತಿಗೆ ಹಟ್ಟಿ ಮುಂದಿನ ತಾಲೂಕಿಗೆ ಹೋಗಿರುತ್ತೆ. ಇನ್ನೊಂದು ಅನುಗ್ರಹ ಯೋಜನೆ, ಆಕಸ್ಮಿಕವಾಗಿ ಸತ್ತ ಜಾನುವಾರಿಗೆ. 2025–26ರ ಬಜೆಟ್‌ನಲ್ಲಿ ದೊಡ್ಡ ಕುರಿಗೆ 5,000ದಿಂದ 7,500 ರೂಪಾಯಿ, 3ರಿಂದ 6 ತಿಂಗಳ ಮರಿಗೆ 3,500ದಿಂದ 5,000 ರೂಪಾಯಿ ಮಾಡಿದ್ರು. ಒಳ್ಳೇದೇ. ಆದ್ರೆ ಮೂರು ತಿಂಗಳಿಗಿಂತ ಸಣ್ಣ ಮರಿ ಆ ಲೆಕ್ಕದಲ್ಲಿ ಬರಲ್ಲ. ಬಾಯಲ್ಲಿ ಕಚ್ಕೊಂಡು ಓಡೋಕೆ ತೋಳಕ್ಕೆ ಅನುಕೂಲ ಯಾವ ಮರಿ, ನೀವೇ ಹೇಳಿ.

ಈ ತಲೆನೋವು ನಮಗೊಬ್ಬರಿಗೇ ಇಲ್ಲ. ಅಮೆರಿಕದ ಯೆಲ್ಲೋಸ್ಟೋನ್‌ಗೆ 1995ರಲ್ಲಿ ಕೆನಡಾದಿಂದ ತೋಳ ತಂದು ಬಿಟ್ಟಾಗ ದನ ಸಾಕೋರು, ಎಲ್ಕ್ ಬೇಟೆಗಾರರು ಕೋರ್ಟಿನ ತನಕ ಹೋಗಿ ಜಗಳ ಆಡಿದ್ರು. ಕೊಲರಾಡೊದಲ್ಲಿ 2020ರಲ್ಲಿ ಜನರ ಮತಕ್ಕೇ ಹಾಕಿದ್ರು. ಸಿಟಿಯವರ ವೋಟಿನ ಬಲದಿಂದ ಕೂದಲೆಳೆ ಅಂತರದಲ್ಲಿ ಪಾಸಾಯ್ತು, 2023ರ ಡಿಸೆಂಬರ್‌ನಲ್ಲಿ 10 ತೋಳ ಬಿಟ್ರು. ಹಳ್ಳಿಯವರ ಸಿಟ್ಟು ಇನ್ನೂ ಆರಿಲ್ಲ. ಆದ್ರೆ ಅಲ್ಲಿ ಒಂದು ದನಕ್ಕೆ 15,000 ಡಾಲರ್ ತನಕ ಪರಿಹಾರ ಇದೆ. ನನ್ನ ಬಿ.ಕಾಂ. ತಲೆಗೆ ಹಿಡಿಸಿದ್ದು ವಯೋಮಿಂಗ್ ರಾಜ್ಯದ ಪದ್ಧತಿ. ಒರಟು ಬೆಟ್ಟದ ಸೀಮೆಯಲ್ಲಿ ಸತ್ತ ಕರುಗಳೆಲ್ಲ ಸಿಗೋದಿಲ್ಲ ಅಂತ ಅವರು ಮೊದಲೇ ಒಪ್ಕೊಂಡಿದ್ದಾರೆ. ಹಾಗಾಗಿ ತೋಳ ಕೊಂದಿದ್ದು ಖಾತ್ರಿಯಾದ ಒಂದು ಕರು ಅಥವಾ ಕುರಿಗೆ, ಕಾಣೆಯಾದವನ್ನೂ ಸೇರಿಸಿ, 7 ಪಟ್ಟಿನ ತನಕ ಕೊಡ್ತಾರೆ. ಸಿಗದ ಹೆಣಕ್ಕೂ ಅಲ್ಲಿ ಒಂದು ಕಾಲಂ ಇದೆ!

ನಮ್ಮಲ್ಲಿ ಅದೇ ಸೂತ್ರ ತನ್ನಿ ಅಂತ ನಾನು ಹೇಳ್ತಿಲ್ಲ. ಸುಳ್ಳು ಕ್ಲೇಮ್ ಬರುತ್ತೆ, ಬೀದಿನಾಯಿ ಕೊಂದಿದ್ದಕ್ಕೂ ತೋಳದ ಹೆಸರು ಬರುತ್ತೆ, ಅದೂ ಗೊತ್ತು. ಆದ್ರೆ ತೋಳದ ಮೇಲೆ ಕುರಿಗಾಹಿಗೆ ಇರೋ ಸಿಟ್ಟು ಒಂದು ದಿನ ಬಿಲದ ಬಾಯಿಗೆ ಹೊಗೆ ಹಾಕೋ ತನಕ ಹೋದ್ರೆ, ಆ 8 ಮರಿಯ ಫೋಟೊಗೆ ಹಾರ್ಟ್ ಹಾಕಿದ ನಾನು ಏನು ಮಾಡೋಕಾಗುತ್ತೆ?

ಎರಡು ವಾರ ಬಿಟ್ಟು ಅದೇ ಹೊಲಕ್ಕೆ ಮತ್ತೆ ಹೋಗಿದ್ದೆ, ಎಲಿಯಟ್ ಬರೆದಿದ್ದನ್ನ ಕಾಕಾಗೆ ಓದಿ ಹೇಳೋಣ ಅಂತ. ಹಟ್ಟಿ ಹೋಗಿತ್ತು. ಪಕ್ಕದ ಹೊಲದವರು ನಂಬರ್ ಕೊಟ್ರು, ಫೋನ್ ಮಾಡಿದೆ. ಹುನಗುಂದ ದಾಟಿದ್ರು. ನಾಯಿ ಆಟ ಆಡಿಸೋ ಉಪಾಯದ ಕಥೆ ಪೂರ್ತಿ ಕೇಳಿಸ್ಕೊಂಡು ನಕ್ರು.

“ಅಂವ ಸಾಹೇಬ ನಮ್ಮ ಮುತ್ಯಾಗೋಳ್ನ ಕೇಳೇ ಬರದಾನ ಬಿಡು,” ಅಂದ್ರು. ಆಮೇಲೆ, “ಆಗ ಅಂವ ಎಷ್ಟ್ ರೊಕ್ಕಾ ಕೊಟ್ಟಿದ್ನಂತ?”

ನಾನು ಹೇಳೋಕೆ ಏನೂ ಇರಲಿಲ್ಲ. “ಮರಿ ಎಷ್ಟ್ ಉಳದಾವ ಕಾಕಾ?” ಅಂತ ಕೇಳಿದೆ. “ನಿನ್ನಿ ಇನ್ನೊಂದ್ ಹೋತು,” ಅಂದು, ಕುರಿ ಹೊಡೀಬೇಕು ಅಂತ ಫೋನ್ ಇಟ್ರು.

ನಿಮ್ಮ ಮನೆಯಲ್ಲೂ ಕುರಿ ಇದ್ರೆ, ತೋಳದ ಕಥೆ ಹೇಳೋ ಅಜ್ಜ-ಅಜ್ಜಿ ಇದ್ರೆ, ಒಂದು ವಾಯ್ಸ್ ನೋಟ್ ಕಳ್ಸಿ. ಕುರಿ ಹೋದ ದಿನ, ಊರು, ಪರಿಹಾರ ಬಂತೋ ಇಲ್ವೋ, ಮೂರೂ ಹೇಳಿ. ಕಾಕಾನ ಎರಡು ಮರಿ, ಆಮೇಲಿನ ಒಂದು, ಮೂರನ್ನೂ ನನ್ನ ನೋಟ್‌ಬುಕ್‌ನಲ್ಲಿ ಬರ್ಕೊಂಡಿದ್ದೀನಿ.